ಪಹಣಿ ಇಲ್ಲದವರ ಬ್ಯಾಂಕು ಯಾವುದು?

1906ರಲ್ಲಿ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈ ಕಟ್ಟಿದ ಕೆನರಾ ಬ್ಯಾಂಕಿನ ಮೊದಲ ಹೆಸರು 'ಕೆನರಾ ಹಿಂದೂ ಪರ್ಮನೆಂಟ್ ಫಂಡ್'. ಆ 'ಹಿಂದೂ'ವಿನೊಳಗೆ ನಮ್ಮ ಕೇರಿ ಇತ್ತೇ? ಉಡುಪಿಯ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಪಿಗ್ಮಿ ತಂದು ಬಡವರ ಎರಡಾಣೆಗೂ ಬಾಗಿಲಿಗೆ ಬಂತು. 1969ರಲ್ಲಿ ಎರಡೂ ರಾಷ್ಟ್ರೀಕರಣವಾದವು. 2020ರಲ್ಲಿ ಸಿಂಡಿಕೇಟ್ ಕೆನರಾದೊಳಗೆ ಕರಗಿತು. ಒಡೆತನ ಬದಲಾಯ್ತು, ಬೋರ್ಡು ಬದಲಾಯ್ತು. ಕೌಂಟರಿನ ಸಂಸ್ಕೃತಿ?

1970ರ ಕಾಯ್ದೆ ನಿರ್ದೇಶಕ ಮಂಡಳಿಯಲ್ಲಿ ನೌಕರರಿಗೂ ಜಾಗ ಕೊಟ್ಟಿತು. ಮೀಸಲಾತಿಯಿಂದ ನಮ್ಮ ಹುಡುಗರೂ ಕೌಂಟರಿನ ಆಚೆ ಕೂತರು. ಇದು ಸಣ್ಣ ಮಾತಲ್ಲ. ಆದರೆ ಸಾಲದ ನಿಯಮ ಇಳಿಯೋದು ಮೇಲಿಂದ: ದಿಲ್ಲಿ, ಬೆಂಗಳೂರಿನ ಪ್ರಧಾನ ಕಚೇರಿ, ಪ್ರಾದೇಶಿಕ ಕಚೇರಿ, ಕೊನೆಗೆ ಶಾಖೆ. ಮ್ಯಾನೇಜರು ಎಷ್ಟೇ ಒಳ್ಳೆಯವನಿರಲಿ, ಅವನ ಕೈಗೂ ಮಿತಿ ಐತಿ.

ಮಲೆಬೆನ್ನೂರಿಗೆ ಬನ್ನಿ. ಭದ್ರಾ ನಾಲೆಯ ಗದ್ದೆಯಲ್ಲಿ ನಾಟಿ ಹಾಕೋ ಕೂಲಿ ಹೆಂಗಸಿನ ಹೆಸರಲ್ಲಿ ಪಹಣಿ ಇಲ್ಲ. ಬೆಳೆಸಾಲ ಪಹಣಿ ನೋಡತೈತಿ, ಬೆವರು ನೋಡಂಗಿಲ್ಲ. ಆಕೆಗಿರೋ ದಾರಿ, 1992ರಲ್ಲಿ ನಬಾರ್ಡ್ ಶುರು ಮಾಡಿದ ಸ್ವಸಹಾಯ ಸಂಘದ ಸಾಲ. ಅಲ್ಲಿ ಒಬ್ಬ ಬಡವಿಗೆ ಉಳಿದ ಬಡವಿಯರೇ ಜಾಮೀನು! ಭೂಮಿ ಇದ್ದವನನ್ನು ಕಾಗದ ನೋಡಿ ನಂಬುವ ಬ್ಯಾಂಕು, ಇಲ್ಲದವಳನ್ನು ಒಬ್ಬಳೇ ಬಂದರೆ ನಂಬೋದಿಲ್ಲ.

ನಮ್ಮ ಎರಡಾಣೆ ನಂಬಿದ ಬ್ಯಾಂಕು ನಮ್ಮ ಮಾತನ್ನು ಯಾವಾಗ ನಂಬುತ್ತದೆ? ಅದನ್ನು ಕೇಳದೆ ರಾಷ್ಟ್ರೀಕರಣ ಮುಗಿಯಿತು ಅನ್ನಬೇಡಿ.