ಹೊಗೆಗೆ ಮುಂಚಿನ ಅರಿವು

ವಿನ್ಯಾಸಕಲೆಯಲ್ಲಿ ಅಭಿರುಚಿಯುಳ್ಳವರು ಕುರ್ಚಿ, ಗಡಿಯಾರ, ಅಚ್ಚಿನ ಮೊಳೆಗಳ ಗುಣದೋಷಗಳನ್ನು ಗಂಟೆಗಟ್ಟಲೆ ವಿವೇಚಿಸುವುದುಂಟು. ಆದರೆ ಅಮೆರಿಕದ ನ್ಯೂಜೆರ್ಸಿ ರಾಜ್ಯದಲ್ಲಿ ಕಟ್ಟಡಗಳ ಮುಂಬಾಗಿಲ ಎಡಕ್ಕೆ, ಆಳೆತ್ತರದಲ್ಲಿ ಜಡಿದಿರುವ, ಒಂದಡಿ ಅಗಲದ, ಅರ್ಧ ಅಡಿ ಎತ್ತರದ ಹೊಳೆಯುವ ತ್ರಿಕೋನಕ್ಕೆ ಆ ಗೌರವ ಸಂದುದು ಕಾಣೆ. ಅದರ ಮೇಲಿರುವುದು ಒಂದೆರಡು ಅಕ್ಷರಗಳು ಮಾತ್ರ: ‘ಎಫ್’ ಇದ್ದರೆ ಮಹಡಿಯ ನೆಲ, ‘ಆರ್’ ಇದ್ದರೆ ಛಾವಣಿ, ಟ್ರಸ್ಸಿನ ಮೇಲೆ ನಿಂತಿದೆಯೆಂದು ಅಗ್ನಿಶಾಮಕನು ತಿಳಿಯತಕ್ಕದ್ದು.

ಸಣ್ಣ ತೊಲೆಗಳನ್ನು ಹೆಣೆದು ವಿಶಾಲವಾದ ಅವಕಾಶವನ್ನು ಕಂಬಗಳಿಲ್ಲದೆ ಮುಚ್ಚುವ ಟ್ರಸ್ಸು ಶಾಂತಿಕಾಲದಲ್ಲಿ ಶ್ಲಾಘ್ಯವಾದರೂ, ಒಂದು ಅಂಗ ಸುಟ್ಟಿತೆಂದರೆ ಉಳಿದವುಗಳ ಮೇಲೆ ಭಾರವನ್ನೆಲ್ಲ ಹೊರಿಸಿ, ಮುನ್ಸೂಚನೆಯಿಲ್ಲದೆ ಕುಸಿಯಬಲ್ಲುದು. 1988ರ ಜುಲೈ 1ರಂದು ಹ್ಯಾಕೆನ್‌ಸ್ಯಾಕ್ ನಗರದ ಮೋಟಾರು ಮಳಿಗೆಯೊಂದರಲ್ಲಿ ಹೀಗೆಯೇ ಛಾವಣಿ ಬಿದ್ದು ಐವರು ಅಗ್ನಿಶಾಮಕರು ಅಸುನೀಗಿದ ತರುವಾಯವೇ ಈ ತ್ರಿಕೋನ ಶಾಸನಬದ್ಧವಾದುದು. ಒಳಹೊಕ್ಕ ಮೇಲೆ ಕಾಣಲಾಗದುದನ್ನು ಹೊರಗೇ ಹೇಳಿಬಿಡುವ ಮಿತಭಾಷೆಯೇ ಅದರ ಸೊಗಸು.

ಕಟ್ಟಡಗಳ ಬಗೆಗೆ ಇದಕ್ಕಿಂತ ವಿಪುಲವಾದ ಮಾಹಿತಿಯನ್ನು ಅಗ್ನಿಶಾಮಕರಿಗಾಗಿ ಗಣಕಯಂತ್ರದಲ್ಲಿ ತುಂಬಿಡುವುದು ಇಂದು ಸುಲಭಸಾಧ್ಯ. ಅದನ್ನು ಸತ್ಯವಾಗಿ ಉಳಿಸುವುದು ಕಷ್ಟ. 2017ರ ಜೂನ್ 14ರ ಬೆಂಕಿಯಲ್ಲಿ 72 ಮಂದಿಯನ್ನು ಬಲಿತೆಗೆದುಕೊಂಡ ಲಂಡನ್ನಿನ ಗ್ರೆನ್‌ಫೆಲ್ ಗೋಪುರದ ವಿಷಯದಲ್ಲಿ, ಅಗ್ನಿಶಾಮಕ ದಳದ ದಾಖಲೆ ಇದ್ದೇ ಇತ್ತು. ಆದರೆ ಅದು ಹಲವು ವರ್ಷ ಹಳೆಯದಾಗಿ, ಕಟ್ಟಡದ ನವೀಕರಣದ ಸುಳಿವನ್ನೇ ಅರಿಯದಿತ್ತೆಂದೂ, ಒಳಗಿನ ನಕ್ಷೆ ಬಹಳ ಹೊತ್ತಿನವರೆಗೆ ಕೈಗೆ ಸಿಗಲಿಲ್ಲವೆಂದೂ, ಅಂತಸ್ತುಗಳ ಕ್ರಮಾಂಕ ಬದಲಾಗಿದ್ದರೂ ಗುರುತುಗಳನ್ನು ತಿದ್ದಿರಲಿಲ್ಲವೆಂದೂ ಸರ್ ಮಾರ್ಟಿನ್ ಮೂರ್-ಬಿಕ್ ಅವರ ವಿಚಾರಣೆ ಕಂಡುಕೊಂಡಿತು. ಹೊಗೆ ಕವಿದ ಮೆಟ್ಟಿಲಲ್ಲಿ ತಾನು ಎಷ್ಟನೆಯ ಅಂತಸ್ತಿನಲ್ಲಿರುವೆನೆಂದು ತಿಳಿಯದವನಿಗೆ, ಯಾವ ಮನೆಯಿಂದ ಕರೆ ಬಂದಿತೆಂಬ ತಿಳಿವು ಇದ್ದೂ ಇಲ್ಲದಂತೆಯೇ.

ಅನಂತರ ಬಂದು 2023ರ ಜನವರಿಯಲ್ಲಿ ಜಾರಿಯಾದ ಇಂಗ್ಲೆಂಡಿನ ನಿಯಮಗಳು, ಕನಿಷ್ಠ 18 ಮೀಟರ್ ಎತ್ತರದ ಅಥವಾ ಕನಿಷ್ಠ ಏಳಂತಸ್ತಿನ ವಸತಿಕಟ್ಟಡಗಳ ನಕ್ಷೆಗಳನ್ನು ವಿದ್ಯುನ್ಮಾನ ರೂಪದಲ್ಲಿ ಅಗ್ನಿಶಾಮಕ ಸೇವೆಗೆ ಮುಂಗಡವಾಗಿಯೇ ಒಪ್ಪಿಸುವ, ಕಾಗದದ ಪ್ರತಿಯನ್ನು ಕಟ್ಟಡದಲ್ಲೇ ಭದ್ರಪೆಟ್ಟಿಗೆಯಲ್ಲಿರಿಸುವ, ಹೊಗೆಯಲ್ಲೂ ಕಾಣುವ ಅಂಕಿಗಳನ್ನು ಮೆಟ್ಟಿಲ ಬಳಿ ಹಚ್ಚುವ ಹೊಣೆಯನ್ನು ಕಟ್ಟಡದ ಹೊಣೆಗಾರರಿಗೇ ಹೊರಿಸಿದುವು. ಪ್ರತಿ ಅಂತಸ್ತಿನ ನಕ್ಷೆಯ ಜೊತೆಗೆ ಇಡೀ ಕಟ್ಟಡಕ್ಕೊಂದು ಒಂದೇ ಪುಟದ ನಕ್ಷೆಯಿರಬೇಕೆಂಬ ವಿಧಿಯಲ್ಲಿ ನನಗೆ ನಿಜವಾದ ವಿನ್ಯಾಸಪ್ರಜ್ಞೆ ಕಾಣುತ್ತದೆ. ಏಕೆಂದರೆ ಓಡುವ ವಾಹನದಲ್ಲಿ ಕುಳಿತು ಮುಖಕವಚ ಬಿಗಿಯುತ್ತಿರುವವನಿಗೆ ಎರಡನೆಯ ಪುಟ ಇಲ್ಲ.

ಆದುದರಿಂದ ಅಗ್ನಿಶಾಮಕರಿಗೆ ಕಟ್ಟಡದ ಮಾಹಿತಿಯನ್ನು ಒದಗಿಸುವ ಗಣಕಸಾಧನಗಳನ್ನು ಪರೀಕ್ಷಿಸುವವರು ಪರದೆಯ ಮೇಲಿನ ಮೂರು ಆಯಾಮದ ಚಿತ್ರದ ಬೆಡಗಿಗೆ ಮರುಳಾಗದೆ, ಮೊದಲು ಕಣ್ಣಿಗೆ ಬೀಳುವ ಸಾಲು ಯಾವುದು, ಗೋಡೆಯೊಂದನ್ನು ಕೆಡವಿದ ದಿನ ನಕ್ಷೆಯನ್ನು ತಿದ್ದುವವರಾರು ಎಂದು ಕೇಳಲಿ. ಎರಡನೆಯದಕ್ಕೆ ಉತ್ತರವಿಲ್ಲದ ಯಂತ್ರಕ್ಕಿಂತ ಬಾಗಿಲ ಪಕ್ಕದ ತಗಡೇ ಲೇಸು.