ಮೈದಾನ ಬಿಟ್ಟ ಮರೂನ್ ಪಡೆ

1905ರ ನವೆಂಬರ್ 30, ಥ್ಯಾಂಕ್ಸ್‌ಗಿವಿಂಗ್ ಹಬ್ಬದ ದಿನ. ಶಿಕಾಗೊ ವಿಶ್ವವಿದ್ಯಾಲಯದ ಮೈದಾನದಲ್ಲಿ ಸುಮಾರು 27 ಸಾವಿರ ಜನ. ಎದುರಿಗೆ ಮಿಶಿಗನ್, ಸತತ 56 ಪಂದ್ಯಗಳಲ್ಲಿ ಸೋಲು ಕಾಣದ ತಂಡ. ಮುಗಿದಾಗ ಸ್ಕೋರು 2-0, ಗೆದ್ದದ್ದು ‘ಮರೂನ್’ ಎಂದೇ ಹೆಸರಾದ ಶಿಕಾಗೊ. ಇದು ಕಾಲ್ಚೆಂಡಿನ ಗೋಲಿನ ಲೆಕ್ಕವಲ್ಲ. ಮೊಟ್ಟೆಯಾಕಾರದ ಚೆಂಡನ್ನು ಅವುಚಿಕೊಂಡು ಓಡುವ ಅಮೆರಿಕನ್ ಫುಟ್‌ಬಾಲ್‌ನಲ್ಲಿ, ಚೆಂಡು ಹಿಡಿದವನನ್ನು ಅವನದೇ ಗೋಲುಗೆರೆಯ ಹಿಂದೆ ಕೆಡವಿದರೆ ಎರಡು ಅಂಕ. ಶಿಕಾಗೊದ ವಾಲ್ಟರ್ ಎಕರ್ಸಾಲ್ ಒದ್ದ ಚೆಂಡನ್ನು ಹಿಡಿದು ಮುನ್ನುಗ್ಗಿದ ಮಿಶಿಗನ್ ಆಟಗಾರನನ್ನು ಗೆರೆಯಾಚೆಗೆ ದಬ್ಬಿ ಗಳಿಸಿದ್ದು ಆ ಎರಡು ಅಂಕ. ಎದುರಾಳಿ ಅಂಗುಲ ಅಂಗುಲಕ್ಕೂ ಹೊಡೆದಾಡುವಂತೆ ಮಾಡಿ ಗೆದ್ದ ಇಂಥ ಪಂದ್ಯದ ಮುಂದೆ ನನಗೆ ನಲವತ್ತು ಅಂಕಗಳ ಗೆಲುವು ಸಪ್ಪೆ.

ಆ ತಂಡವನ್ನು ಕಟ್ಟಿದವರು ಏಮೊಸ್ ಅಲೊಂಜೊ ಸ್ಟ್ಯಾಗ್. ಯೇಲ್‌ನಲ್ಲಿ ದೈವಶಾಸ್ತ್ರ ಓದಿ ಪಾದ್ರಿಯಾಗಬೇಕೆಂದಿದ್ದವರು. ಅಲ್ಲಿ ಅವರ ಗುರುವಾಗಿದ್ದ ವಿಲಿಯಂ ರೇನಿ ಹಾರ್ಪರ್, ತೈಲೋದ್ಯಮಿ ರಾಕ್‌ಫೆಲರ್ ಹಣದಿಂದ ಶಿಕಾಗೊದಲ್ಲಿ ಹೊಸ ವಿಶ್ವವಿದ್ಯಾಲಯ ತೆರೆಯುವಾಗ ಶಿಷ್ಯನನ್ನು ಕರೆಸಿಕೊಂಡರು. ಅದೂ ಪ್ರಾಧ್ಯಾಪಕರ ಸಾಲಿನಲ್ಲಿ, ಕಾಯಂ ಹುದ್ದೆ ಕೊಟ್ಟು. 1892ರಲ್ಲಿ ತರಗತಿಗಳ ಜೊತೆಜೊತೆಗೇ ತಂಡವೂ ಶುರುವಾಯಿತು. ಆಟಗಾರರು ಸಾಲದೆ ಕೋಚ್ ತಾವೇ ಕಣಕ್ಕಿಳಿದದ್ದೂ ಉಂಟು. 1894ರ ಕ್ರಿಸ್‌ಮಸ್‌ಗೆ ತಂಡ ರೈಲು ಹತ್ತಿ ಕ್ಯಾಲಿಫೋರ್ನಿಯಾದವರೆಗೆ ಹೋಗಿ ಸ್ಟ್ಯಾನ್‌ಫರ್ಡ್ ವಿರುದ್ಧ ಆಡಿತು. ಹೊಸ ಸಂಸ್ಥೆಯ ಹೆಸರನ್ನು ಊರೂರಿಗೆ ಒಯ್ಯುವ ಕೆಲಸ ಫುಟ್‌ಬಾಲ್‌ನದು ಎಂಬುದು ಹಾರ್ಪರ್ ಎಣಿಕೆ. ಅದು ಫಲಿಸಿತು. 41 ಋತು, ಬಿಗ್ ಟೆನ್ ಎಂಬ ವಿಶ್ವವಿದ್ಯಾಲಯಗಳ ಒಕ್ಕೂಟದ ಏಳು ಪ್ರಶಸ್ತಿ. ಕಡೆಗೆ ಮೈದಾನಕ್ಕೇ ಸ್ಟ್ಯಾಗ್ ಹೆಸರು.

ಎಪ್ಪತ್ತಾಯಿತೆಂದು 1932ರಲ್ಲಿ ಅವರನ್ನು ನಿವೃತ್ತಿಗೊಳಿಸಿದರು. ಒಪ್ಪದ ಮುದುಕ ಕ್ಯಾಲಿಫೋರ್ನಿಯಾದ ಇನ್ನೊಂದು ಕಾಲೇಜಿಗೆ ಹೋಗಿ 1946ರವರೆಗೂ ಕೋಚ್ ಆಗಿದ್ದರು. ಬದುಕಿದ್ದು 102 ವರ್ಷ.

ಸ್ಟ್ಯಾಗ್ ಹೋದ ಮೇಲೆ ಕೊನೆಯದಾಗಿ ಮಿಂಚಿದವನು ಜೇ ಬರ್ವ್ಯಾಂಗರ್. ಶ್ರೇಷ್ಠ ಕಾಲೇಜು ಆಟಗಾರನಿಗೆ ಸಲ್ಲುವ, ಮುಂದೆ ಹೈಸ್ಮನ್ ಟ್ರೋಫಿ ಎನಿಸಿಕೊಂಡ ಪ್ರಶಸ್ತಿ 1935ರಲ್ಲಿ ಮೊಟ್ಟಮೊದಲು ಸಂದದ್ದು ಅವನಿಗೆ. ಅವನನ್ನು ತಡೆಯಲು ಹೋದ ಮಿಶಿಗನ್‌ನ ಒಬ್ಬ ಆಟಗಾರನ ಎಡಗಣ್ಣಿನ ಕೆಳಗೆ ಗಾಯದ ಗುರುತು ಉಳಿಯಿತು. ಆ ಆಟಗಾರ ಜೆರಾಲ್ಡ್ ಫೋರ್ಡ್, ಮುಂದೆ ಅಮೆರಿಕದ ಅಧ್ಯಕ್ಷ. 1936ರಲ್ಲಿ ವೃತ್ತಿಪರ ಲೀಗ್‌ ಕಾಲೇಜು ಆಟಗಾರರನ್ನು ಆರಿಸಿಕೊಳ್ಳುವ ಮೊದಲ ಡ್ರಾಫ್ಟ್‌ನಲ್ಲಿ ಮೊದಲ ಹೆಸರು ಬರ್ವ್ಯಾಂಗರನದೇ. ಆದರೆ ವೃತ್ತಿಪರನಾಗಿ ಅವನು ಒಂದು ಪಂದ್ಯವನ್ನೂ ಆಡಲಿಲ್ಲ.

ಆಮೇಲಿನದು ಕುಸಿತ. ವಿಶ್ವವಿದ್ಯಾಲಯದ ಅಧ್ಯಕ್ಷ ರಾಬರ್ಟ್ ಹಚಿನ್ಸ್‌ಗೆ ಓದು ಮುಖ್ಯ. ಆಟಗಾರನೆಂದು ಯಾರಿಗೂ ಪರೀಕ್ಷೆಯಲ್ಲಿ ರಿಯಾಯಿತಿಯಿಲ್ಲ. ಬೇರೆ ವಿಶ್ವವಿದ್ಯಾಲಯಗಳು ಆಟಗಾರರನ್ನು ಹುಡುಕಿ ತರುತ್ತಿದ್ದ ಕಾಲ ಅದು. 1939ರಲ್ಲಿ ಹಾರ್ವರ್ಡ್ ವಿರುದ್ಧ 61-0, ಒಹಾಯೊ ಸ್ಟೇಟ್ ವಿರುದ್ಧ ಮತ್ತೆ 61-0, ಅದೇ ಮಿಶಿಗನ್ ಕೈಯಲ್ಲಿ 85-0 ಸೋಲು. ಆ ಡಿಸೆಂಬರ್‌ನಲ್ಲಿ ಆಡಳಿತ ಮಂಡಳಿ ಫುಟ್‌ಬಾಲನ್ನೇ ರದ್ದುಮಾಡಿತು. ಕೋಚ್ ಕ್ಲಾರ್ಕ್ ಶಾನೆಸ್ಸಿ ಸ್ಟ್ಯಾನ್‌ಫರ್ಡ್‌ಗೆ ಹೋದರು. ಮುಂದಿನ ಋತುವಿನಲ್ಲೇ ಒಂದೂ ಪಂದ್ಯ ಸೋಲದೆ ರೋಸ್ ಬೌಲ್ ಎಂಬ ಪ್ರತಿಷ್ಠಿತ ಪಂದ್ಯ ಗೆದ್ದರು. ಹಾಗಾದರೆ ಕೊರತೆ ಕೋಚ್‌ನಲ್ಲಿರಲಿಲ್ಲ.

ಹಚಿನ್ಸ್ ತೀರ್ಮಾನವನ್ನು ಧೀರ ನಿಲುವು ಎಂದು ಹೊಗಳುವವರಿದ್ದಾರೆ. ನಾನು ಆ ಗುಂಪಿನವನಲ್ಲ. 1938ರಲ್ಲಿ ಬರೆದ ಲೇಖನದಲ್ಲಿ ಅವರೇ ಬೇರೆ ದಾರಿ ತೋರಿಸಿದ್ದರು: ಟಿಕೆಟ್ ದರವನ್ನು ಹತ್ತು ಸೆಂಟಿಗೆ ಇಳಿಸಿ, ಆಟದಿಂದ ದುಡ್ಡಿನ ಆಸೆಯನ್ನು ಕಳಚಿ. ಸ್ವಂತ ಅಂಗಳದಲ್ಲಿ ಅದನ್ನು ಪ್ರಯೋಗಿಸಿ ನೋಡಲಿಲ್ಲ. ಹಾರ್ಪರ್‌ಗೆ ಆಟ ಸಂಸ್ಥೆಯ ಜಾಹೀರಾತಾಗಿತ್ತು, ಹಚಿನ್ಸ್‌ಗೆ ಸಂಸ್ಥೆಯ ಮುಜುಗರವಾಯಿತು. ಚಳಿಯಲ್ಲಿ ಮಣ್ಣು ಮೆತ್ತಿಕೊಂಡು ಆಡುವ ಹುಡುಗರ ಸಂತೋಷ ಇಬ್ಬರ ಲೆಕ್ಕಕ್ಕೂ ಬರಲಿಲ್ಲ.

ಖಾಲಿಬಿದ್ದ ಸ್ಟ್ಯಾಗ್ ಫೀಲ್ಡ್‌ನ ಪಶ್ಚಿಮ ಗ್ಯಾಲರಿಯ ಕೆಳಗೆ 1942ರ ಡಿಸೆಂಬರ್ 2ರಂದು ಎನ್ರಿಕೊ ಫರ್ಮಿ ತಂಡ ಜಗತ್ತಿನ ಮೊದಲ ನಿಯಂತ್ರಿತ ಪರಮಾಣು ಸರಣಿ ಕ್ರಿಯೆ ನಡೆಸಿತು. ಗ್ಯಾಲರಿ ಉರುಳಿದ ಮೇಲೆ ಮೈದಾನದ ಜಾಗದಲ್ಲಿ ಎದ್ದದ್ದು ರೆಗೆನ್‌ಸ್ಟೈನ್ ಗ್ರಂಥಾಲಯ.

ಬಹಳಷ್ಟು ಕಥನಗಳು ಇಲ್ಲಿಗೇ ನಿಲ್ಲುತ್ತವೆ. ಆದರೆ ತಂಡದ ಕಥೆ ಮುಗಿದಿರಲಿಲ್ಲ. ಐವತ್ತರ ದಶಕದಲ್ಲಿ ವಾಲಿ ಹ್ಯಾಸ್ ಎಂಬ ಕೋಚ್ ಬಂದರು, ಹುಡುಗರನ್ನು ಮತ್ತೆ ಮೈದಾನಕ್ಕೆ ತಂದರು. ಫುಟ್‌ಬಾಲ್ ಮರಳುವುದು ಬೇಡವೆಂದು 1963ರಲ್ಲಿ ವಿದ್ಯಾರ್ಥಿಗಳೇ ಮೈದಾನದ ನಡುವೆ ಕೂತು ಪ್ರತಿಭಟಿಸಿದರು. ಹ್ಯಾಸ್ ಬಿಡಲಿಲ್ಲ. 1969ರಲ್ಲಿ ವಿಶ್ವವಿದ್ಯಾಲಯದ ಅಧಿಕೃತ ತಂಡ ಮತ್ತೆ ಕಣಕ್ಕಿಳಿಯಿತು. ಇಂದು ಅದು ಆಡುವುದು ಮೂರನೇ ಡಿವಿಷನ್‌ನಲ್ಲಿ. ಕ್ರೀಡಾ ವಿದ್ಯಾರ್ಥಿವೇತನ ಇಲ್ಲ, ದೊಡ್ಡ ಗ್ಯಾಲರಿಯೂ ಇಲ್ಲ. ಹಚಿನ್ಸ್ ಕಾಗದದ ಮೇಲೆ ಬರೆದು ಕೈಬಿಟ್ಟ ಆಟವನ್ನು ಈ ಹುಡುಗರು ಐದು ದಶಕಕ್ಕೂ ಮೀರಿ ಆಡುತ್ತಿದ್ದಾರೆ. ಬರ್ವ್ಯಾಂಗರನ ಟ್ರೋಫಿಯಷ್ಟೇ ಜಾಗ ಈ ವರ್ಷಗಳಿಗೂ ತಂಡದ ಚರಿತ್ರೆಯಲ್ಲಿ ಸಲ್ಲಬೇಕು.