ಮರೆವನ್ನು ಅಳೆಯುವ ಅಳತೆಗೋಲು



‘ಅರವತ್ತಕ್ಕೆ ಅರಳು ಮರಳು’ ಎಂಬ ಗಾದೆಯನ್ನು ಕೇಳದ ಮನೆ ನಮ್ಮಲ್ಲಿಲ್ಲ. ವಯಸ್ಸಾದವರ ಮರೆವನ್ನು ಈ ಒಂದು ಮಾತಿನಿಂದಲೇ ತೇಲಿಸಿಬಿಡುವುದು ನಮಗೆ ರೂಢಿಯಾಗಿದೆ. ಈಗ ಅದೇ ಮರೆವನ್ನು ವಿಶ್ವವಿದ್ಯಾಲಯಗಳು ಅಳೆಯತೊಡಗಿವೆ. ನರವಿಜ್ಞಾನ, ತಳಿವಿಜ್ಞಾನ, ಸಂಖ್ಯಾಶಾಸ್ತ್ರ, ಭಾಷಾಶಾಸ್ತ್ರ, ಕೃತಕ ಬುದ್ಧಿಮತ್ತೆ ಇವೆಲ್ಲವೂ ಈ ಕೆಲಸದಲ್ಲಿ ಕೈಜೋಡಿಸಿವೆ. ಪ್ರಯತ್ನ ಸ್ವಾಗತಾರ್ಹವೇ. ಆದರೆ ಅಳತೆಗೋಲು ಸರಿಯಾಗಿದೆಯೇ ಎಂದು ವಿಚಾರಿಸುವ ಹಕ್ಕು ಅಳತೆಗೆ ಒಳಗಾಗುವವರಿಗೂ ಉಂಟು. ಆ ಹಕ್ಕಿನಿಂದಲೇ ಈ ಕೆಲವು ಮಾತುಗಳನ್ನು ಬರೆಯುತ್ತಿದ್ದೇನೆ.

ಕೆಲವು ವರ್ಷಗಳ ಹಿಂದೆ ಗುಬ್ಬಿ ತಾಲ್ಲೂಕಿನ ಹಳ್ಳಿಯ ಅಜ್ಜಿಯೊಬ್ಬರನ್ನು, ಅವರ ಮಗನೊಡನೆ, ನಗರದ ಆಸ್ಪತ್ರೆಯೊಂದಕ್ಕೆ ಕರೆದೊಯ್ದಿದ್ದೆ. ಅವರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಇಂದು ಯಾವ ತಾರೀಕು, ನಾವೀಗ ಎಷ್ಟನೆಯ ಮಹಡಿಯಲ್ಲಿದ್ದೇವೆ, ನೂರರಿಂದ ಏಳೇಳು ಕಳೆಯುತ್ತಾ ಬನ್ನಿ ಎಂದು ಪರೀಕ್ಷಕಿ ಒಂದಾದ ಮೇಲೊಂದು ಕೇಳಿದರು. ಅಜ್ಜಿ ನನ್ನತ್ತ ತಿರುಗಿ, “ಸ್ವಾಮಿ, ಇದನ್ನೆಲ್ಲಾ ನಂಗೆ ಯಾರು ಹೇಳ್ಕೊಟ್ಟಿದ್ರು?” ಎಂದರು. ಅಂಕಗಳು ಕಡಿಮೆ ಬಂದವು. ಮನೆಗೆ ಮರಳಿದ ವಾರದೊಳಗೆ ಸೊಸೆ ಬೀಗದ ಕೈಗಳನ್ನು ತೆಗೆದುಕೊಂಡಳು. ಅಡಿಕೆ ಮಾರುವ ವಿಚಾರದಲ್ಲಿ ಮಗ ತಾಯಿಯನ್ನು ಕೇಳುವುದನ್ನು ಬಿಟ್ಟ. ಅಜ್ಜಿ ಮೌನವಾದರು. ಕಾಯಿಲೆ ಬಲಿತಿದೆ ಎಂದು ಎಲ್ಲರೂ ತಿಳಿದರು. ನಾನೂ ಹಾಗೆಯೇ ತಿಳಿದೆ.

ಕೆಲವು ತಿಂಗಳ ನಂತರ ಬೇರೊಬ್ಬ ವೈದ್ಯರು ಮೊದಲು ಅವರ ಕಿವಿಗಳನ್ನು ಪರೀಕ್ಷಿಸಿದರು. ಶ್ರವಣಶಕ್ತಿ ಬಹಳ ಕುಗ್ಗಿತ್ತು. ಹತ್ತಿರ ಕುಳಿತು, ಗಟ್ಟಿ ದನಿಯಲ್ಲಿ, ಸಂತೆಯಿಂದ ಏನು ತಂದಿರಿ, ಕೊಟ್ಟಿಗೆಯಲ್ಲಿ ಎಷ್ಟು ದನ, ಹೊಲಕ್ಕೆ ಏನು ಬಿತ್ತಿದ್ದೀರಿ ಎಂದು ವಿಚಾರಿಸಿದಾಗ ಬಹುಪಾಲು ಉತ್ತರಗಳು ಸರಿಯಾಗಿಯೇ ಬಂದವು. ಸ್ವಲ್ಪ ಮರೆವು ಇದ್ದದ್ದು ನಿಜ. ಆದರೆ ನಾವು ಅವರಿಂದ ಕಿತ್ತುಕೊಂಡಿದ್ದು, ಮರೆವು ಕಿತ್ತುಕೊಂಡದ್ದಕ್ಕಿಂತ ಹೆಚ್ಚು.

ಇದು ಒಬ್ಬ ಪರೀಕ್ಷಕಿಯ ತಪ್ಪೆಂದು ನಾನು ಹೇಳಲಾರೆ. ಪ್ರಶ್ನೆಗಳಿಗೂ ಒಂದು ಹುಟ್ಟೂರಿರುತ್ತದೆ. ಜಗತ್ತಿನಾದ್ಯಂತ ಬಳಕೆಯಲ್ಲಿರುವ ಮೂವತ್ತು ಅಂಕಗಳ ಸ್ಮರಣೆಯ ಪರೀಕ್ಷೆ 1975ರಲ್ಲಿ ಅಮೆರಿಕದಲ್ಲಿ ಪ್ರಕಟವಾಯಿತು. ಅದರಲ್ಲಿ ಓದುವ, ಬರೆಯುವ ಪ್ರಶ್ನೆಗಳಿವೆ. ಅಕ್ಷರ ತಿಳಿಯದವರು ಅಲ್ಲಿ ಅಂಕ ಕಳೆದುಕೊಂಡರೆ ಅದು ಮರೆವಲ್ಲ, ಶಾಲೆ ಸಿಗದಿದ್ದುದರ ಫಲ. ಇದನ್ನು ಮನಗಂಡ ಸಂಶೋಧಕರು ಹರಿಯಾಣದ ಬಲ್ಲಭಗಢದ ಹಳ್ಳಿಗರಿಗಾಗಿ ಪರೀಕ್ಷೆಯನ್ನು ಹೊಸದಾಗಿ ರೂಪಿಸಿ 1995ರಲ್ಲಿ ಪ್ರಕಟಿಸಿದರು. ಬರೆದದ್ದನ್ನು ಓದಿ ಕಣ್ಣು ಮುಚ್ಚಿ ಎನ್ನುವ ಬದಲು, ನನ್ನ ಮುಖ ನೋಡಿ ನಾನು ಮಾಡಿದಂತೆ ಮಾಡಿ ಎಂದರು. ಒಂದು ವಾಕ್ಯ ಬರೆಯಿರಿ ಎನ್ನುವ ಬದಲು, ನಿಮ್ಮ ಮನೆಯ ಬಗ್ಗೆ ಒಂದು ಮಾತು ಹೇಳಿ ಎಂದರು. ಸಣ್ಣ ಬದಲಾವಣೆಯಾದರೂ ಅದರ ಹಿಂದೆ ಎದುರಿಗಿರುವವರ ಬಗ್ಗೆ ಗೌರವವಿದೆ. ಗುಬ್ಬಿ ವೀರಣ್ಣನವರ ನಾಟಕ ಕಂಪನಿಯ ಸೀಮೆಯವರಾದ ನಮಗೆ, ಕಿವಿಯಿಂದ ಕಲಿತು ನಾಲಿಗೆಯ ಮೇಲೆ ಉಳಿಸಿಕೊಳ್ಳುವ ಸ್ಮರಣೆ ಎಂಥದೆಂದು ಬೇರೆಯವರು ಹೇಳಬೇಕಾಗಿಲ್ಲ.

ಇನ್ನು ಕೃತಕ ಬುದ್ಧಿಮತ್ತೆಯ ಪಾತ್ರವನ್ನು ನೋಡೋಣ. ಭಾರತದಲ್ಲಿ ಅರವತ್ತು ದಾಟಿದವರಲ್ಲಿ ಎಷ್ಟು ಮಂದಿಗೆ ಡಿಮೆನ್ಷಿಯಾ, ಅಂದರೆ ಮರೆವಿನ ಕಾಯಿಲೆ ಇದೆ? 2023ರಲ್ಲಿ ಪ್ರಕಟವಾದ ಒಂದು ಅಧ್ಯಯನ ಶೇ. 7.4, ಸುಮಾರು 88 ಲಕ್ಷ ಎಂದಿತು. ಅದೇ ವರ್ಷದ ಮತ್ತೊಂದು ಅಧ್ಯಯನ, 31,477 ಹಿರಿಯರ ಮಾಹಿತಿಯನ್ನು ಯಂತ್ರಕಲಿಕೆಯ ವಿಧಾನದಿಂದ ಪರಿಶೀಲಿಸಿ, ಶೇ. 8.44, ಅಂದರೆ ಒಂದು ಕೋಟಿಗೂ ಹೆಚ್ಚು ಎಂದಿತು. ಎರಡು ಲೆಕ್ಕಗಳ ನಡುವೆ ಹನ್ನೆರಡು ಲಕ್ಷಕ್ಕೂ ಮಿಕ್ಕಿದ ಅಂತರವಿದೆ. ಅಷ್ಟು ಮನೆಗಳಿಗೆ ನೆರವು ಬೇಕೋ ಬೇಡವೋ ಎಂಬ ಪ್ರಶ್ನೆ ಆ ಅಂತರದಲ್ಲಿ ಅಡಗಿದೆ.

ಯಂತ್ರ ಇದನ್ನು ಕಲಿತದ್ದು ಹೇಗೆ? ಮನೆಮನೆಯ ಹಿರಿಯರಿಂದ ಪಡೆದ ಉತ್ತರಗಳನ್ನೂ ಮನೆಯವರ ಹೇಳಿಕೆಗಳನ್ನೂ ತಜ್ಞರು ಅಂತರ್ಜಾಲದ ಮೂಲಕ ಪರಿಶೀಲಿಸಿ, ಇವರಿಗೆ ಕಾಯಿಲೆ ಉಂಟು, ಇವರಿಗೆ ಇಲ್ಲ ಎಂದು ಒಮ್ಮತಕ್ಕೆ ಬಂದರು. ಆ ತೀರ್ಮಾನಗಳೇ ಯಂತ್ರದ ಪಾಠವಾದವು. ಯಂತ್ರ ಕಲಿತದ್ದು ತಜ್ಞರಿಂದ, ತಜ್ಞರು ತಿಳಿದದ್ದು ದಾಖಲೆಗಳಿಂದ, ದಾಖಲೆ ಹುಟ್ಟಿದ್ದು ಒಬ್ಬ ಹಿರಿಯರ ಎದುರು ಕುಳಿತು ಕೇಳಿದ ಪ್ರಶ್ನೆಯಿಂದ. ಆ ಮೊದಲ ಮಾತುಕತೆಯಲ್ಲಿ ಕಿವಿ ಕೇಳಿಸದಿದ್ದರೆ, ಭಾಷೆ ಒಗ್ಗದಿದ್ದರೆ, ಹಿರಿಯರು ಹೆದರಿದ್ದರೆ, ಮುಂದಿನ ಯಾವ ಗಣಿತವೂ ಅದನ್ನು ಪೂರ್ತಿಯಾಗಿ ತಿದ್ದಲಾರದು. ಬಿತ್ತಿದ ಬೀಜವೇ ಜೊಳ್ಳಾದರೆ ಕಣ ಎಷ್ಟು ದೊಡ್ಡದಾದರೇನು?

ನನ್ನ ಟೀಕೆಯನ್ನು ವಿಜ್ಞಾನದ್ವೇಷವೆಂದು ತಿಳಿಯಬೇಡಿ. ಕೋಲಾರ ಜಿಲ್ಲೆಯ ಶ್ರೀನಿವಾಸಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಮಿದುಳು ಸಂಶೋಧನಾ ಕೇಂದ್ರವು 2018ರಿಂದ ನಡೆಸುತ್ತಿರುವ ಅಧ್ಯಯನ, ನಲವತ್ತೈದು ದಾಟಿದ ಹತ್ತು ಸಾವಿರ ಗ್ರಾಮಸ್ಥರನ್ನು ವರ್ಷಗಳ ಕಾಲ ಹಿಂಬಾಲಿಸುವ ಗುರಿ ಇಟ್ಟುಕೊಂಡಿದೆ. ನೆನಪಿನ ಪರೀಕ್ಷೆ, ರಕ್ತ, ವಂಶವಾಹಿ, ಮಿದುಳಿನ ಚಿತ್ರ ಇವೆಲ್ಲವೂ ಅದರಲ್ಲಿ ಸೇರಿವೆ. ಒಂದೇ ದಿನದ ಅಂಕಕ್ಕಿಂತ ಇದು ಮೇಲು. ಒಬ್ಬರನ್ನು ಅವರ ನಿನ್ನೆಯೊಡನೆ ಹೋಲಿಸಿದಾಗಲೇ ಇಂದಿನ ಮರೆವು ಎಷ್ಟೆಂದು ತಿಳಿಯುವುದು.

ಹಾಗೆಯೇ, ಈಗ ನಿಮ್ಹಾನ್ಸ್‌ನಲ್ಲಿರುವ ಡಾ. ಸುವರ್ಣಾ ಅಲ್ಲಾಡಿಯವರು ಸಂಗಡಿಗರೊಡನೆ ಹೈದರಾಬಾದಿನಲ್ಲಿ 648 ರೋಗಿಗಳ ಮೇಲೆ ನಡೆಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ನೆನೆಯಬೇಕು. ಎರಡು ಅಥವಾ ಹೆಚ್ಚು ಭಾಷೆ ಬಲ್ಲವರಲ್ಲಿ ಡಿಮೆನ್ಷಿಯಾ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು. ಅಕ್ಷರ ಬಾರದವರಲ್ಲೂ ಈ ವ್ಯತ್ಯಾಸವಿತ್ತು. ಆಸ್ಪತ್ರೆಗೆ ಬಂದವರನ್ನಷ್ಟೇ ನೋಡಿದ ಅಧ್ಯಯನವಾದ್ದರಿಂದ ಅದನ್ನು ಎಲ್ಲರಿಗೂ ಅನ್ವಯಿಸುವಂತಿಲ್ಲ. ಆದರೂ ಅದರ ಪ್ರಶ್ನೆ ಮೆಚ್ಚತಕ್ಕದ್ದು. ಬಡವರಲ್ಲಿ ಏನಿಲ್ಲ ಎಂದು ಎಣಿಸುವುದನ್ನು ಬಿಟ್ಟು, ಏನಿದೆ ಎಂದು ಅದು ಕೇಳಿತು. ಮನೆಯಲ್ಲೊಂದು, ಸಂತೆಯಲ್ಲೊಂದು, ಪೂಜೆಯಲ್ಲೊಂದು ಭಾಷೆ ಆಡುವ ನಮ್ಮ ಧರ್ಮಕೇಂದ್ರಗಳ ಹಿರಿಯರ ಸಂಪತ್ತು ಅಲ್ಲಿ ಮೊದಲ ಬಾರಿ ಲೆಕ್ಕಕ್ಕೆ ಬಂದಂತೆ ನನಗನಿಸಿತು.

2025ರ ಜನವರಿಯಲ್ಲಿ ವ್ಯಾಟಿಕನ್ ಹೊರಡಿಸಿದ ‘ಆಂತಿಕ್ವಾ ಎತ್ ನೋವಾ’ ಎಂಬ ಪತ್ರ, ಕೃತಕ ಬುದ್ಧಿಮತ್ತೆಯನ್ನು ಮನುಷ್ಯ ಬುದ್ಧಿಯ ಇನ್ನೊಂದು ರೂಪವೆನ್ನದೆ, ಆ ಬುದ್ಧಿಯ ಉತ್ಪನ್ನವೆಂದು ಕಾಣಬೇಕೆಂದು ತಿಳಿಸುತ್ತದೆ. ಉತ್ಪನ್ನವೆಂದ ಮೇಲೆ ಮಾಡಿದವರ ಹೊಣೆಯೂ ಇದ್ದೇ ಇದೆ. ಯೆರಿಕೋವಿನ ಹಾದಿಯಲ್ಲಿ ಕುರುಡ ಬಾರ್ತಿಮಾಯನ ಕೊರತೆ ಎಲ್ಲರಿಗೂ ಕಾಣುತ್ತಿತ್ತು. ಆದರೂ ಯೇಸುಸ್ವಾಮಿ ಅವನನ್ನು ಹತ್ತಿರ ಕರೆದು, ನಿನಗೇನು ಬೇಕೆಂದು ಅವನ ಬಾಯಿಂದಲೇ ಕೇಳಿ ತಿಳಿದರು. ಉತ್ತರ ಗೊತ್ತಿದ್ದರೂ ಕೇಳುವುದು ಗೌರವದ ಲಕ್ಷಣ.

ಆದ್ದರಿಂದ ಓದುಗರೇ, ಸಂಶೋಧಕರು ನಿಮ್ಮ ಬಾಗಿಲಿಗೆ ಬಂದರೆ ಸ್ವಾಗತಿಸಿ. ಆದರೆ ಮೂರು ವಿಷಯ ವಿಚಾರಿಸಿ. ಪ್ರಶ್ನೆಗಳು ನಮ್ಮ ಹಿರಿಯರ ಭಾಷೆಯಲ್ಲಿವೆಯೇ? ಬೇಡವೆನ್ನುವ ಸ್ವಾತಂತ್ರ್ಯ ಅವರಿಗಿದೆಯೇ? ತಿಳಿದುಬಂದ ಸಂಗತಿ ಈ ಮನೆಗೆ ಮರಳಿ ಬರುವುದೇ? ಮರೆವು ಕಂಡಾಗ ಗಾದೆ ಹೇಳಿ ಸುಮ್ಮನಾಗಬೇಡಿ. ಶ್ರವಣದೋಷ, ಥೈರಾಯ್ಡ್, ಬಿ12 ಜೀವಸತ್ವದ ಕೊರತೆ, ಖಿನ್ನತೆ ಇವುಗಳಿಂದಲೂ ನೆನಪು ಮಸುಕಾಗಬಹುದು, ಇವಕ್ಕೆ ಚಿಕಿತ್ಸೆಯಿದೆ. ಕಾಯಿಲೆ ಇದೆಯೆಂದು ಖಚಿತವಾದರೂ, ಬೀಗದ ಕೈಯೊಡನೆ ಮಾತನ್ನೂ ಕಸಿದುಕೊಳ್ಳಬೇಡಿ.

ಆ ಅಜ್ಜಿ ಈಗ ನಮ್ಮೊಡನಿಲ್ಲ. ಕಿವಿಗೆ ಯಂತ್ರ ಬಂದ ಮೇಲೆ ಎರಡು ವರ್ಷ ಅವರು ಮನೆಯವರೊಡನೆ ಮಾತನಾಡಿಕೊಂಡಿದ್ದರು. ಮೊದಲ ಪರೀಕ್ಷೆಯ ದಿನ ಅವರ ಪಕ್ಕದಲ್ಲೇ ಕುಳಿತಿದ್ದ ನಾನು, ಸ್ವಲ್ಪ ಗಟ್ಟಿಯಾಗಿ ಕೇಳಿ ಎಂದು ಪರೀಕ್ಷಕಿಗೆ ಹೇಳಬಹುದಿತ್ತು, ಹೇಳಲಿಲ್ಲ. ಇಂದು ಸಂಜೆ ನಿಮ್ಮ ಮನೆಯ ಹಿರಿಯರ ಹತ್ತಿರ ಕುಳಿತು, ಅವರು ಹುಟ್ಟಿ ಬೆಳೆದ ಮನೆಯ ಬಗ್ಗೆ ಒಂದು ಮಾತು ಕೇಳಿ. ಉತ್ತರ ತಡವಾಗಿ ಬಂದರೆ ಕಾಯಿರಿ.